ಮರೆವಿಗೆ ಚಿಕಿತ್ಸೆ ಬೇಕೆ? ಎಲ್ಲವನ್ನೂ ನೆನಪಿಟ್ಟುಕೊಂಡು ಬನ್ನಿ

2013ರಲ್ಲಿ ಬಂದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಎಡಿಎಚ್‌ಡಿಗೆ (ಗಮನ ನಿಲ್ಲದ, ಚಡಪಡಿಕೆ ಬಿಡದ ತೊಂದರೆ) ಗಮನದ ಕೊರತೆಯ ಒಂಬತ್ತು ಲಕ್ಷಣ ಕೊಡುತ್ತದೆ. ದೊಡ್ಡವರ ವಿಷಯದಲ್ಲಿ ಅದರ ಉದಾಹರಣೆ ನೋಡಿ: ಫಾರ್ಮ್ ತುಂಬುವುದೆಂದರೆ ತಪ್ಪಿಸಿಕೊಳ್ಳುವುದು, ತಿರುಗಿ ಫೋನ್ ಮಾಡಲು ಮರೆಯುವುದು, ಅಪಾಯಿಂಟ್‌ಮೆಂಟ್ ಮರೆಯುವುದು. ಈ ಪುಟವನ್ನು ಯಾರೋ ಪುಣ್ಯಾತ್ಮರು ಶ್ರದ್ಧೆಯಿಂದ ಓದಿ ಕ್ಲಿನಿಕ್ಕಿನ ನಿಯಮ ಬರೆದಿರಬೇಕು. ಮೊದಲು ಇಪ್ಪತ್ತೆರಡು ಪುಟದ ಫಾರ್ಮ್ ತುಂಬಿ ಕಳಿಸಿ. ಆಮೇಲೆ ಕಚೇರಿ ವೇಳೆಯಲ್ಲಿ ನೀವೇ ಫೋನ್ ಮಾಡಿ. ನಾಲ್ಕು ತಿಂಗಳಾಚೆಯ ತಾರೀಖು ಕೊಡುತ್ತೇವೆ. ಎರಡು ಸಲ ಬರದಿದ್ದರೆ ಹೆಸರು ಹೊಡೆದುಹಾಕುತ್ತೇವೆ.

ಬರದವರ ಕಡತದಲ್ಲಿ ಷರಾ: "ಚಿಕಿತ್ಸೆಯಲ್ಲಿ ಆಸಕ್ತಿಯಿಲ್ಲ." ಬಂದವರಿಗೆ ಇನ್ನೊಂದು: "ಇಷ್ಟು ಸರಿಯಾಗಿ ಬಂದಿದ್ದೀರಲ್ಲ, ನಿಮಗೆಲ್ಲಿಯ ಎಡಿಎಚ್‌ಡಿ?" ಆ ಮನುಷ್ಯ ನಾಲ್ಕು ಅಲಾರಂ ಇಟ್ಟು, ಬೆಳಗಿನಿಂದ ಬೇರೆ ಕೆಲಸ ಮುಟ್ಟದೆ, ಒಂದೂವರೆ ಗಂಟೆ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದನ್ನು ಬರೆಯಲು ಕಡತದಲ್ಲಿ ಕಾಲಂ ಇಲ್ಲ.

ಹಲವು ಲಕ್ಷಣಗಳು 12 ವರ್ಷದೊಳಗೇ ಕಂಡಿರಬೇಕೆಂಬ ನಿಯಮ ಸರಿಯೇ. ಅದಕ್ಕೆ ಮೂರನೇ ತರಗತಿಯ ಅಂಕಪಟ್ಟಿ ತಂದುಕೊಡಿ ಎನ್ನುತ್ತಾರೆ. ನಿನ್ನೆ ಇಟ್ಟ ಬೀಗದ ಕೈ ಸಿಗದವನ ಬಳಿ! ತಾಯಿಯನ್ನೋ ಅಣ್ಣನನ್ನೋ ಸ್ವಲ್ಪ ಹೊತ್ತು ಮಾತಾಡಿಸಿದರೆ ಅದಕ್ಕಿಂತ ಹೆಚ್ಚು ಗೊತ್ತಾಗುತ್ತದೆ.

ಮೀಥೈಲ್‌ಫೆನಿಡೇಟ್ ಎಂಬ ಎಡಿಎಚ್‌ಡಿ ಮಾತ್ರೆ ಅನೇಕ ದೇಶಗಳಲ್ಲಿ ನಿಯಂತ್ರಿತ ಔಷಧಿ; ಮುಗಿಯುವ ಮುಂಚೆ ಹೊಸ ಚೀಟಿ ಬರೆಸಬೇಕು. ಮುಂಚಿತವಾಗಿ ಯೋಚಿಸುವ ಶಕ್ತಿ ಬರಲೆಂದೇ ಮಾತ್ರೆ ಕೊಟ್ಟಿದ್ದು ಎಂಬುದು ಬೇರೆ ವಿಷಯ.

ಇನ್ನು ಆಪ್ತಸಲಹೆ: "ಡೈರಿ ಬರೆಯಿರಿ." ಮನೆಯಲ್ಲಿ ಏಳು ಡೈರಿಗಳಿವೆ, ಎಲ್ಲದರಲ್ಲೂ ಜನವರಿ ನಾಲ್ಕರವರೆಗೆ ಬರೆದಿದೆ. ಮುಚ್ಚಿಟ್ಟ ಡೈರಿ ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ್ದು ಈ ತಲೆಗೆ ಇಲ್ಲದ್ದೇ. ಬಲ್ಲ ಚಿಕಿತ್ಸಕರು ಒಂದೇ ಕ್ಯಾಲೆಂಡರ್ ಇಡಿಸಿ, ಹಲ್ಲುಜ್ಜುವ ಬ್ರಷ್ ಪಕ್ಕದಲ್ಲಿ ತೂಗುಹಾಕಿಸುತ್ತಾರೆ; ತಪ್ಪದೆ ಮಾಡುವ ಕೆಲಸಕ್ಕೆ ಹೊಸದನ್ನು ಗಂಟುಹಾಕುವ ಉಪಾಯ. ಬೇಸರದ ಕೆಲಸದಲ್ಲಿ ಗಮನ ಎಷ್ಟು ಹೊತ್ತು ನಿಲ್ಲುತ್ತದೆಂದು ಗಡಿಯಾರ ಹಿಡಿದು ಅಳೆಸುತ್ತಾರೆ. ಎಂಟು ನಿಮಿಷವೇ? ಕೆಲಸವನ್ನೂ ಎಂಟು ನಿಮಿಷದ ತುಂಡು ಮಾಡಿ. ನಡುವೆ ಬೇರೇನೋ ಹೊಳೆದರೆ ಪಕ್ಕದ ಚೀಟಿಯಲ್ಲಿ ಗೀಚಿ, ಟೈಮರ್ ಬಾರಿಸುವ ತನಕ ಏಳಬೇಡಿ. ಪಟ್ಟಿಯಲ್ಲಿ "ತೆರಿಗೆ" ಎಂದು ಬರೆದರೆ ಅದು ಕೆಲಸವಲ್ಲ, ಭೂತ. "ಕೆಳಗಿನ ಖಾನೆಯ ನೀಲಿ ಕಡತ ಮೇಜಿನ ಮೇಲಿಡು" ಎಂದರೆ ಕೈ ಏಳುತ್ತದೆ. ಫಾರ್ಮ್ ತುಂಬುವಾಗ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿದ್ದರೂ ಎಷ್ಟೋ ಜನಕ್ಕೆ ಸಾಕು. ಇದಕ್ಕೆ ಕ್ಲಿನಿಕ್ಕಿಗೆ ಬೇಕಾದದ್ದು ಒಂದು ಹೆಚ್ಚುವರಿ ಕುರ್ಚಿ.

ಹದಿಹರೆಯದವರ ಗತಿ ಇನ್ನೂ ಚೆಂದ. 18 ತುಂಬಿದ್ದೇ ತಡ, ಮಕ್ಕಳ ವಿಭಾಗ ಬೀಳ್ಕೊಡುತ್ತದೆ; ಆ ತಾರೀಖನ್ನು ಮಾತ್ರ ಯಾರೂ ಮರೆಯುವುದಿಲ್ಲ. ದೊಡ್ಡವರ ವಿಭಾಗ ಕೈಗಿಡುವುದು ಅದೇ ಇಪ್ಪತ್ತೆರಡು ಪುಟ. ಕೊನೆಯ ಪ್ರಶ್ನೆ: "ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುತ್ತೀರಾ?" ಅದರ ಕೆಳಗೆ ದಪ್ಪಕ್ಷರದಲ್ಲಿ: "ಅಪೂರ್ಣ ಅರ್ಜಿಗಳನ್ನು ಪರಿಗಣಿಸುವುದಿಲ್ಲ."