ಜೀನ್ಸ್ ಬಣ್ಣ ಓಡಿಹೋಗುತ್ತಾ?

ನಮ್ಮ ಬಳ್ಳಾರಿ ಹುಡುಗರ ಇಂಗ್ಲಿಷ್ ನೋಟ್‌ಬುಕ್ ತೆರೆದು ನೋಡಿ. ಎಡಕ್ಕೆ 'ರನ್', ನಡುವೆ ಒಂದು ಗೆರೆ, ಬಲಕ್ಕೆ 'ಓಡು'. ಅಲ್ಲಿಗೆ ಮುಗೀತು. ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಜೆರಾಕ್ಸ್ ನೋಟ್ಸ್ ಕೂಡ ಹಾಗೇ. ಈ ಪಟ್ಟಿಯನ್ನು ಬಾಯಿಪಾಠ ಮಾಡಿಸೋದು ನಿಲ್ಲಬೇಕು ಅನ್ನೋದು ನನ್ನ ವಾದ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ರನ್ ಕ್ರಿಯಾಪದವನ್ನು ಹೊಸದಾಗಿ ಪರಿಷ್ಕರಿಸಿದಾಗ ಲೆಕ್ಕಕ್ಕೆ ಸಿಕ್ಕ ಅರ್ಥಗಳು 645. ಅದಕ್ಕೂ ಮುಂಚೆ, 1989ರ ಎರಡನೇ ಆವೃತ್ತಿಯಲ್ಲಿ, ಅತಿ ಉದ್ದದ ವಿವರಣೆ ಇದ್ದದ್ದು 'ಸೆಟ್' ಪದಕ್ಕೆ. ಅಷ್ಟೂ ಅರ್ಥ ಕಲಿಯಬೇಕಿಲ್ಲ ಬಿಡಿ, ಇಂಗ್ಲೆಂಡಿನವರಿಗೇ ಬರಲ್ಲ. ಪಕ್ಕದಲ್ಲಿ ಯಾವ ಪದ ಕೂತಿದೆ ಅಂತ ನೋಡೋ ಅಭ್ಯಾಸ ಇದ್ದರೆ ಸಾಕು.

ನಮ್ಮೂರಿನ ಜೀನ್ಸ್ ಕೆಲಸವನ್ನೇ ತಗೊಳ್ಳಿ. ಹೊಲಿಗೆ ಮಷಿನ್ ರನ್ ಆದರೆ ಓಡುತ್ತದೆ, ಸರಿ. ಯೂನಿಟ್ ರನ್ ಮಾಡೋ ಯಜಮಾನ ಅದನ್ನು ನಡೆಸುತ್ತಾನೆ. ಹೊಸ ಪ್ಯಾಂಟನ್ನು ಬಿಳಿ ಅಂಗಿ ಜೊತೆ ಒಂದೇ ಬಕೆಟ್‌ಗೆ ಹಾಕಿ ನೆನೆಸಿದಾಗ ಕಲರ್ ರನ್ ಆದರೆ? ಬಣ್ಣ ಬಿಡ್ತು ಅಂತ. ಅಂಗಿಯ ಕಾಲರ್ ನೀಲಿ ಆದ ಮೇಲೆ ಈ ಅರ್ಥವನ್ನು ಜನ್ಮದಲ್ಲಿ ಮರೆಯಲ್ಲ. ದಾರದ ಸ್ಟಾಕ್ ರನ್ ಔಟ್ ಆದರೆ ಖಾಲಿ ಆಯ್ತು ಅಂತ. ಕ್ರಿಕೆಟ್ ಹುಚ್ಚಿನ ಹುಡುಗರು ವಿಕೆಟ್ ಬಿತ್ತು ಅಂದ್ಕೋತಾರೆ, ಪಾಪ. ತುಂಗಭದ್ರಾ ಕಾಲುವೆ ರನ್ ಆದರೆ ಹರಿಯುತ್ತದೆ, ಮೂಗು ಸೋರುತ್ತದೆ.

ನನಗೆ ಜಾಸ್ತಿ ಮಜಾ ಅನ್ನಿಸೋದು ಚುನಾವಣೆ. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಯಿಂದ ಲೋಕಸಭೆಗೆ ನಿಂತಿದ್ದರು. ಬ್ರಿಟಿಷ್ ಇಂಗ್ಲಿಷಿನಲ್ಲೂ ಚುನಾವಣೆಗೆ 'ಸ್ಟ್ಯಾಂಡ್', ನಮ್ಮ ಹಾಗೆ ನಿಲ್ಲೋದೇ. ಅಮೆರಿಕದ ಇಂಗ್ಲಿಷಿನಲ್ಲಿ ಮಾತ್ರ ಅಭ್ಯರ್ಥಿ ರನ್ ಮಾಡ್ತಾರೆ. ನಮ್ಮ ಬಿಸಿಲಲ್ಲಿ ಓಣಿ ಓಣಿ ಸುತ್ತಿ ಪ್ರಚಾರ ಮಾಡಿದವರನ್ನು ಕೇಳಿ ನೋಡಿ, ಅಮೆರಿಕದವರೇ ಸರಿ ಅಂತಾರೆ.

ಇದೆಲ್ಲ ಇಂಗ್ಲಿಷಿನ ಹುಚ್ಚಾಟ ಅಂತ ನಗಬೇಡಿ. ನಮ್ಮ 'ಓಡು' ಏನು ಕಮ್ಮಿನಾ? ಸಿನಿಮಾ ನೂರು ದಿನ ಓಡುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ತಲೆ ಓಡಲ್ಲ. ಇದನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಿಲ್ಲ, ಮಾತಿನ ನಡುವೆ ಕೇಳಿ ಕೇಳಿ ಬಂತು, ಅಲ್ವಾ?

ಹಾಗಾಗಿ ಮೇಷ್ಟ್ರೇ, ಟೀಚರ್ರೇ, ಒಂಟಿ ಪದದ ಅರ್ಥ ಕೇಳೋದು ಬಿಟ್ಟುಬಿಡಿ. ಪೂರ್ತಿ ವಾಕ್ಯ ಕೊಡಿ. ಟೆಸ್ಟಿನಲ್ಲೂ ಕಲರ್ ರನ್ ಆಗೋ ವಾಕ್ಯ ಒಂದು, ಅಂಗಡಿ ರನ್ ಮಾಡೋ ವಾಕ್ಯ ಒಂದು ಬರೆದು, ಎರಡಕ್ಕೂ ಕನ್ನಡ ಹೇಳಿಸಿ. ಜೀನ್ಸ್ ಹೊಲಿಯುವವರ ಮನೆ ಮಕ್ಕಳು ಮೊದಲ ಬೆಂಚಿನವರಿಗಿಂತ ಬೇಗ ಹೇಳ್ತಾರೆ.