ಹಾಥಿರಾಮನ ಕೈ, ಹಾಥಿರಾಮನ ಕಾಲು

ಕೆಲವು ದಿನದಿಂದ ನನ್ನ ಫೀಡ್‌ನಲ್ಲಿ ಒಂದೇ ರೀಲ್ ಸುತ್ತುತ್ತಿದೆ. 'ಪಾತಾಲ್ ಲೋಕ್' ಸರಣಿಯ ಇನ್‌ಸ್ಪೆಕ್ಟರ್ ಹಾಥಿರಾಮ್ ಚೌಧರಿ ಠಾಣೆಯಲ್ಲಿ ಆರೋಪಿಗೆ ಬಾರಿಸುವ ದೃಶ್ಯ, ಅದಕ್ಕೆ ಯಾರೋ ಕೂಡಿಸಿದ ಅಬ್ಬರದ ಸಂಗೀತ, ಮೇಲೆ ಕನ್ನಡದಲ್ಲಿ ಒಂದು ಸಾಲು: 'ಇಂಥ ಆಫೀಸರ್ ನಮ್ಮೂರಿಗೂ ಬೇಕು'. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಗೆಳೆಯರೇ ಹೆಚ್ಚಾಗಿ ಹಂಚಿಕೊಂಡಿದ್ದಾರೆ. ನನ್ನ ಜೊತೆ ಓದಿದವರಿದ್ದಾರೆ, ನನ್ನಂತೆ ವಕೀಲರೂ ಇದ್ದಾರೆ. ಹಾಥಿರಾಮ್ ನನಗೂ ತುಂಬಾ ಇಷ್ಟದ ಪಾತ್ರ. ಇಷ್ಟವಾದ್ದರಿಂದಲೇ ಆ ರೀಲ್ ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು, ಬರೆಯಲು ಕೂತೆ. ಇನ್ನೂ ನೋಡದವರು ಮೊದಲು ನೋಡಿಕೊಂಡು ಬನ್ನಿ, ಕಥೆಯ ಕೆಲವು ಗುಟ್ಟು ಮುಂದೆ ಬರುತ್ತವೆ.

2020ರ ಮೇ ತಿಂಗಳಲ್ಲಿ, ನಾವೆಲ್ಲ ಲಾಕ್‌ಡೌನ್‌ನಲ್ಲಿ ಮನೆ ಹಿಡಿದು ಕೂತಿದ್ದಾಗ, ಅಮೆಜಾನ್ ಪ್ರೈಮ್‌ನಲ್ಲಿ ಈ ಸರಣಿ ಬಂತು. ಒಂಬತ್ತು ಕಂತು. ಜೈದೀಪ್ ಅಹ್ಲಾವತ್ ಎಂಬ ನಟ ಹಾಥಿರಾಮನಾಗಿ ಬದುಕಿಬಿಟ್ಟಿದ್ದಾರೆ. ದಿಲ್ಲಿಯ ಜಮುನಾ ಪಾರ್ ಕಡೆಯ, ಯಾರೂ ಕೇಳದ ಠಾಣೆಯೊಂದರಲ್ಲಿ ಬೇರು ಬಿಟ್ಟ ಅಧಿಕಾರಿ ಈತ. ಬಡ್ತಿ ಇಲ್ಲ, ಹೆಸರಿಲ್ಲ, ಕೈಕೆಳಗೆ ಕೆಲಸ ಕಲಿತವರು ತಲೆ ಮೇಲೆ ಹೋಗಿದ್ದಾರೆ. ಸಂಜೀವ್ ಮೆಹ್ರಾ ಎಂಬ ದೊಡ್ಡ ಟಿವಿ ಪತ್ರಕರ್ತನ ಕೊಲೆಗೆ ಸಂಚು ಮಾಡಿದರೆಂದು ಹಥೋಡಾ ತ್ಯಾಗಿ, ತೋಪ್ ಸಿಂಗ್, ಕಬೀರ್, ಚೀನಿ ಎಂಬ ನಾಲ್ವರು ಸಿಕ್ಕಿಬೀಳುತ್ತಾರೆ, ಆ ಕೇಸು ಈತನ ಮೇಜಿಗೆ ಬರುತ್ತದೆ. ಇವನಿಂದ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿಯೇ ಮೇಲಿನವರು ಇವನಿಗೆ ಕೊಟ್ಟಿದ್ದು ಎಂದು ಆಮೇಲೆ ತಿಳಿಯುತ್ತದೆ. ನನಗೆ ಇಡೀ ಸರಣಿಯಲ್ಲಿ ಅತಿ ಹೆಚ್ಚು ನೋವು ಕೊಟ್ಟದ್ದು ಆ ಲೆಕ್ಕಾಚಾರ.

ನಾವು ಬೆಳೆದದ್ದು ಬೇರೆ ಥರದ ಪೊಲೀಸರನ್ನು ನೋಡಿ. 1988ರ ಶಂಕರ್‌ನಾಗ್ ಅವರ ಸಾಂಗ್ಲಿಯಾನ, 1996ರ ಸಾಯಿಕುಮಾರ್ ಅವರ 'ಪೊಲೀಸ್ ಸ್ಟೋರಿ'. ಆ ಖಾಕಿಗೆ ಇಸ್ತ್ರಿ ಮಾಸುತ್ತಿರಲಿಲ್ಲ, ಆ ಬಾಯಿಗೆ ಡೈಲಾಗ್ ತಪ್ಪುತ್ತಿರಲಿಲ್ಲ. ಹಾಥಿರಾಮನಿಗೆ ಹೊಟ್ಟೆ ಬಂದಿದೆ. ದೊಡ್ಡ ಇಂಗ್ಲಿಷ್ ಶಾಲೆಗೆ ಹಾಕಿದ ಮಗ ಅಪ್ಪ ಪೊಲೀಸ್ ಎಂದು ಹೇಳಿಕೊಳ್ಳಲು ನಾಚುತ್ತಾನೆ. ಮೇಲಧಿಕಾರಿ ಬೈದರೆ ಈತ ನುಂಗಿಕೊಂಡು ನಿಲ್ಲುತ್ತಾನೆ.

ನಮ್ಮ ಕೋರ್ಟಿನ ಪಡಸಾಲೆಯಲ್ಲಿ ಕೈದಿಗಳನ್ನು ಕರೆತಂದ ಕಾನ್‌ಸ್ಟೇಬಲ್ ಒಬ್ಬರು ಮಧ್ಯಾಹ್ನದ ಹೊತ್ತು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇದೇ ಸರಣಿ ನೋಡುತ್ತಿದ್ದರು. ಹೆಂಗೈತ್ರಿ ಎಂದು ಕೇಳಿದೆ. 'ಈ ಮನಷ್ಯಾ ನಮ್ಮಂಗ ಅದಾನ್ರಿ ಮೇಡಮ್ಮಾರ. ಮನಿಯಾಗ ಮಗ ಮಾತಾಡಂಗಿಲ್ಲ, ಸ್ಟೇಷನ್ನಾಗ ಸಾಹೇಬ್ರು ಮಾತಾಡಾಕ ಬಿಡಂಗಿಲ್ಲ' ಎಂದರು. ಗವಿಮಠದ ಜಾತ್ರೆಯ ಬಂದೋಬಸ್ತ್ ಮುಗಿಸಿ ಮನೆ ಮುಖ ನೋಡುವುದಕ್ಕೆ ಮೊದಲೇ ಅಂಜನಾದ್ರಿಗೆ ಹಾಕುತ್ತಾರಂತೆ. ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋಗಿ ಎಷ್ಟು ವರ್ಷವಾಯಿತೋ ಅವರಿಗೇ ನೆನಪಿಲ್ಲ. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕುತ್ತೇವೆಂದು ಎದ್ದು ನಿಂತದ್ದು, ಸಂಬಳದ ವಿಷಯಕ್ಕೆ ಔರಾದ್ಕರ್ ಸಮಿತಿ ವರದಿ ಬಂದದ್ದು ನೆನಪಿರಬಹುದು. ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಹಾಥಿರಾಮನ ಮುಖದಲ್ಲಿ ಆ ದಣಿವನ್ನು ಗುರುತು ಹಿಡಿದವರ ಮೇಲೆ ನನ್ನ ತಕರಾರು ಇಲ್ಲವೇ ಇಲ್ಲ.

ತಕರಾರು ಇರುವುದು ಆ ಕೈ ಬಗ್ಗೆ.

ಪಾತ್ರದಲ್ಲಿ ಕೊರತೆ ಇದ್ದರೆ ಚೆಂದ, ಒಪ್ಪಿದೆ. ಸಿಟ್ಟಿನವನು, ಒಳ್ಳೆ ಅಪ್ಪನಲ್ಲ, ಒಳಗೊಳಗೇ ಸಣ್ಣವನಾಗಿ ಹೋದವನು: ಇವು ಮನುಷ್ಯನ ಕೊರತೆಗಳು, ನೋಡುತ್ತಾ ಮರುಗುತ್ತೇವೆ. ಆದರೆ ಲಾಕಪ್ಪಿನಲ್ಲಿ ಕೂಡಿಹಾಕಿದವನನ್ನು ಹೊಡೆಯುವುದನ್ನೂ ಅದೇ ಪಟ್ಟಿಗೆ ಸೇರಿಸಿ 'ಅವನೂ ಮನುಷ್ಯನೇ ಅಲ್ವಾ' ಎಂದು ದಾಟಿಸಿಬಿಡುವುದಿದೆಯಲ್ಲ, ಅದನ್ನು ನಾನು ಒಪ್ಪಲಾರೆ. ಅಪ್ಪನಾಗಿ ಸೋತರೆ ಅದರ ನೋವು ಆತನ ಮನೆಯದು. ಠಾಣೆಯಲ್ಲಿ ಹೊಡೆದರೆ ಅದನ್ನು ತಿನ್ನುವವನು ತಿರುಗಿ ಕೈ ಎತ್ತುವಂತಿಲ್ಲ, ಎದ್ದು ಹೋಗುವಂತಿಲ್ಲ.

ಹೋದ ಬೇಸಿಗೆಯ ಒಂದು ಭಾನುವಾರ ಸಂಜೆ ರಿಮ್ಯಾಂಡ್‌ಗೆ, ಅಂದರೆ ಬಂಧಿಸಿದವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವಲ್ಲಿಗೆ, ಹೋಗಿದ್ದೆ. ರಜೆಯಾದ್ದರಿಂದ ಮ್ಯಾಜಿಸ್ಟ್ರೇಟರ ಮನೆಗೇ ಹಾಜರುಪಡಿಸಿದ್ದರು. ಹುಡುಗನಿಗೆ ಇಪ್ಪತ್ತರ ಆಸುಪಾಸು, ಅಕ್ಕಿ ಗಿರಣಿಯಲ್ಲಿ ಹಮಾಲಿ, ಬೈಕ್ ಕಳವಿನ ಕೇಸು. ಕಾಂಪೌಂಡಿನ ಬಂಡೆಗಳು ಇನ್ನೂ ಸುಡುತ್ತಿದ್ದವು, ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಿಂತಿದ್ದ. ಸಾಹೇಬರ ಮುಂದೆ ಮರ್ಯಾದೆಗೆ ಬಿಟ್ಟಿದ್ದಾನೆ ಎಂದು ಯಾರಾದರೂ ಅಂದುಕೊಳ್ಳಬೇಕು. ಹತ್ತಿರ ಹೋಗಿ ನೋಡಿದರೆ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯೊಳಗೆ ತೂರುವಂತಿರಲಿಲ್ಲ. ಮ್ಯಾಜಿಸ್ಟ್ರೇಟರು ಕೇಳಬೇಕಾದ ಪ್ರಶ್ನೆ ಕೇಳಿದರು, ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯಾ ಎಂದು. ಹುಡುಗ ಅವರ ಕಡೆ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಪೇದೆಯ ಕಡೆ ನೋಡಿದ. 'ಇಲ್ರೀ ಸರ. ಬಿದ್ದಿದ್ನಿ' ಎಂದ. ನಾನು ಕಾಲು ತೋರಿಸಿದ ಮೇಲೆ ವೈದ್ಯಕೀಯ ತಪಾಸಣೆಗೆ ಆದೇಶವಾಯಿತು. ಕೇಸು ಇನ್ನೂ ನಡೆದಿದೆ, ಇದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ. ಆದರೆ ರೀಲ್‌ನಲ್ಲಿ ಆ ಏಟಿನ ಸದ್ದು ಕೇಳಿದಾಗಲೆಲ್ಲ ನನಗೆ ಕಾಣುವುದು ಹಾಥಿರಾಮನ ಮುಖವಲ್ಲ, ಆ ಪಾದ.

ಹೊಡೆಯದೆ ಕಳ್ಳರು ಬಾಯಿ ಬಿಡುತ್ತಾರಾ ಎಂದು ಕೇಳುತ್ತೀರಿ. ಬಾಯಿ ಬಿಟ್ಟರೂ ಅದರಿಂದ ಆಗುವುದೇನು? ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಸೆಕ್ಷನ್‌ನಲ್ಲೇ ಇತ್ತು. 2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 23ನೇ ಸೆಕ್ಷನ್‌ನಲ್ಲಿದೆ. ಬ್ರಿಟಿಷರಿಗೂ ಗೊತ್ತಿತ್ತು, ಏಟು ತಿಂದವನು ಏನು ಬೇಕಾದರೂ ಒಪ್ಪಿಕೊಳ್ಳುತ್ತಾನೆ ಎಂದು. 1996ರ ಡಿ.ಕೆ. ಬಸು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಂಧನದ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ಕಸ್ಟಡಿಯಲ್ಲಿದ್ದಷ್ಟು ದಿನ 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಆಗಬೇಕು ಎಂದು ಒಂದೊಂದಾಗಿ ಬರೆದುಕೊಟ್ಟಿತು. 2020ರ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಯಲ್ಲೂ, ಲಾಕಪ್ಪಿನಲ್ಲೂ ಸಿಸಿಟಿವಿ ಇರಬೇಕು ಎಂದಿತು.

ನನಗೆ ಸರಣಿ ಮೇಲೆ ಗೌರವ ಹೆಚ್ಚಿದ್ದು ಎಲ್ಲಿ ಗೊತ್ತಾ? ಕಥೆಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿ. ಹಾಥಿರಾಮ್ ಹೊಡೆದು ಪಡೆದದ್ದರಿಂದ ಸತ್ಯ ಬಿಚ್ಚಿಕೊಳ್ಳುವುದೇ ಇಲ್ಲ. ಚೀನಿಯನ್ನು ಠಾಣೆಯಲ್ಲಿ ಬೆತ್ತಲು ಮಾಡಿ ಅವಮಾನಿಸಿದಾಗ ಪೊಲೀಸರಿಗೆ ಸಿಗುವುದು ಬರೀ ಒಬ್ಬ ಹೆಣ್ಣುಮಗಳ ಕಣ್ಣೀರು. ಕೇಸು ಸಿಬಿಐ ಕೈಗೆ ಹೋಗಿ, ಪಾಕಿಸ್ತಾನದ ಸಂಚು ಎಂಬ ಹೊಸ ಕಥೆ ಹುಟ್ಟಿಕೊಂಡು, ಈತನೇ ಸಸ್ಪೆಂಡ್ ಆದ ಮೇಲೆ ನಿಜವಾದ ತನಿಖೆ ಶುರುವಾಗುತ್ತದೆ. ಆಗ ಈತನ ಬಳಿ ಅಧಿಕಾರವಿಲ್ಲ, ಲಾಕಪ್ ಇಲ್ಲ. ಇರುವುದು ಕಾಲು. ಹಥೋಡಾ ತ್ಯಾಗಿ ಯಾರು, ಎಲ್ಲಿಂದ ಬಂದ ಎಂದು ಹುಡುಕಿಕೊಂಡು ಚಿತ್ರಕೂಟಕ್ಕೆ ಹೋಗುತ್ತಾನೆ. ತೋಪ್ ಸಿಂಗ್‌ನ ಬೆನ್ನು ಹತ್ತಿ ಇವನ ಕೈಕೆಳಗಿನ ಹುಡುಗ ಅನ್ಸಾರಿ ಪಂಜಾಬಿನ ಹಳ್ಳಿಗೆ ಹೋಗಿರುತ್ತಾನೆ. ಮನೆ ಮನೆಯಲ್ಲಿ ಕೂತು ಕೇಳುತ್ತಾರೆ. ಕೊನೆಗೆ ಗಂಟು ಬಿಚ್ಚುವುದು ತ್ಯಾಗಿಗೆ ನಾಯಿಗಳ ಮೇಲಿದ್ದ ಪ್ರೀತಿಯಿಂದ. ಲಾಠಿ ಹಿಡಿದವನಿಗೆ ಅಂಥ ವಿಷಯ ಯಾರೂ ಹೇಳುವುದಿಲ್ಲ, ಸುಮ್ಮನೆ ಕೂತು ಕೇಳಿಸಿಕೊಳ್ಳುವವನಿಗೆ ಮಾತ್ರ ಸಿಗುತ್ತದೆ.

ಕಬೀರನ ಅಪ್ಪನ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ. ದೊಡ್ಡ ಮಗನನ್ನು ಗುಂಪು ಹೊಡೆದು ಕೊಂದಿದೆ. ಉಳಿದ ಒಬ್ಬ ಮಗನಾದರೂ ಬದುಕಲಿ ಎಂದು ಅವನ ಮುಸ್ಲಿಂ ಗುರುತನ್ನೇ ಅಳಿಸಿ ಬೆಳೆಸಿದ್ದಾನೆ. ಮುಸಲ್ಮಾನನಾಗಲೂ ಬಿಡದೆ ಬೆಳೆಸಿದವನನ್ನು ನೀವು ಭಯೋತ್ಪಾದಕನನ್ನಾಗಿ ಮಾಡಿಬಿಟ್ಟಿರಿ ಎಂಬರ್ಥದಲ್ಲಿ ಆ ಮುದುಕ ಹೇಳುವಾಗ ಹಾಥಿರಾಮ್ ಎದುರಾಡುವುದಿಲ್ಲ. ಕೇಳಿಕೊಳ್ಳುತ್ತಾನೆ. ಈ ಮನುಷ್ಯ ದೊಡ್ಡವನಾಗುವುದು ಅಲ್ಲಿ. ರೀಲ್ ಮಾಡಿದವರು ಆ ದೃಶ್ಯವನ್ನು ಯಾಕೆ ತೆಗೆದುಕೊಳ್ಳಲಿಲ್ಲ?

ಹೆಂಡತಿ ರೇಣುಗೆ ಹೊಡೆದದ್ದನ್ನೂ 'ಟೆನ್ಷನ್‌ನಲ್ಲಿ ಆಗೋಯ್ತು' ಎಂದು ಒಬ್ಬರು ಬರೆದಿದ್ದರು. 'ಒಂದ್ ಏಟು ಹೊಡದಾನ, ಅದಕ್ಯಾಕ ಕೋರ್ಟು' ಎಂದು ಹಿರಿಯರು ಸಮಾಧಾನ ಮಾಡಿ ಕಳಿಸಿದ ಹೆಣ್ಣುಮಕ್ಕಳು ನನ್ನ ಆಫೀಸಿನ ಬೆಂಚಿನ ಮೇಲೆ ಬಂದು ಕೂರುತ್ತಾರೆ, ಅದಕ್ಕೇ ಆ ಮಾತು ನನಗೆ ಚೆನ್ನಾಗಿ ಗೊತ್ತು. ರೇಣು ಮಾತ್ರ ನುಂಗಿಕೊಳ್ಳುವುದಿಲ್ಲ, ತಿರುಗಿ ಬಾರಿಸುತ್ತಾಳೆ. ಗುಲ್ ಪನಾಗ್ ಅದನ್ನು ಎಷ್ಟು ಸಹಜವಾಗಿ ಮಾಡಿದ್ದಾರೆಂದರೆ ನಮ್ಮ ಮನೆಯಲ್ಲಿ ನೋಡುತ್ತಿದ್ದ ನಮ್ಮತ್ತೆ 'ಬೇಸಿ ಮಾಡಿದ್ಲು' ಎಂದರು.

ಇನ್ನೊಂದು ವಿಷಯ. 'ಸ್ಟ್ರಿಕ್ಟ್ ಆಫೀಸರ್' ಬೇಕು ಎನ್ನುವವರು ಏಟು ಯಾರಿಗೆ ಬೀಳುತ್ತದೆ ಎಂದು ನಿಂತು ನೋಡಬೇಕು. ತುಂಗಭದ್ರೆಯ ಮರಳು ಸಾಗಿಸುವ ಟ್ರ್ಯಾಕ್ಟರ್ ಸಿಕ್ಕಿಬಿದ್ದರೆ ಡ್ರೈವರ್ ಲಾಕಪ್ಪಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಮಾಲೀಕ ಬಂದರೆ ಕುರ್ಚಿ, ಚಹಾ. ಸ್ವರ್ಗಲೋಕ, ಭೂಲೋಕ, ಪಾತಾಳಲೋಕ ಎಂದು ಸರಣಿ ಮೂರು ಲೋಕದ ಲೆಕ್ಕ ಹೇಳುತ್ತದಲ್ಲ, ಆ ಮೂರೂ ನಮ್ಮ ಕಡೆಯ ಒಂದೇ ಠಾಣೆಯ ಒಂದೇ ಕೋಣೆಯಲ್ಲಿ ಸಿಗುತ್ತವೆ. ಕುರ್ಚಿ ಯಾರಿಗೆ ಎಂದು ನೋಡಿದರೆ ಸಾಕು.

ಹೊಡೆಯದೆ ಕೇಸು ನಿಲ್ಲುವುದಿಲ್ಲ ಎನ್ನುವವರು ಮರಕುಂಬಿಯನ್ನು ನೆನಪಿಸಿಕೊಳ್ಳಿ. ದೂರದ ಊರಲ್ಲ, ನಮ್ಮದೇ ಗಂಗಾವತಿ ತಾಲ್ಲೂಕು. 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರೆಂದು ಹೇಳಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ವಿಷಯ ಆಮೇಲೆ ಹೈಕೋರ್ಟಿಗೂ ಹೋಯಿತು, ಅಲ್ಲಿನ ವಾದ ಬೇರೆ. ಅಂಥ ಕೇಸು ಹತ್ತು ವರ್ಷ ಉಸಿರು ಹಿಡಿದು ಕೋರ್ಟಿನಲ್ಲಿ ನಿಲ್ಲಬೇಕಾದರೆ ಏನು ಬೇಕು? ಸ್ಥಳಕ್ಕೆ ಹೋಗಿ ಮಾಡಿದ ಪಂಚನಾಮೆ, ಸರಿಯಾಗಿ ಬರೆದ ಹೇಳಿಕೆಗಳು, ಹೆದರಿಕೆ ನುಂಗಿಕೊಂಡು ಕಟಕಟೆ ಹತ್ತುವ ಸಾಕ್ಷಿಗಳು. ಇದರಲ್ಲಿ ರೀಲ್ ಮಾಡುವಂಥದ್ದು ಏನೂ ಇಲ್ಲ. ಠಾಣೆಯ ರೈಟರ್ ರಾತ್ರಿ ಕೂತು ಬರೆಯುವ ಕಾಗದ ಅದು.

ಇಮ್ರಾನ್ ಅನ್ಸಾರಿಯ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸಹೋದ್ಯೋಗಿಗಳ ಕುಹಕ ಕೇಳಿಸಿಕೊಳ್ಳುತ್ತಲೇ ಯುಪಿಎಸ್‌ಸಿಗೆ ಓದುವ ಹುಡುಗ. 2025ರ ಜನವರಿಯಲ್ಲಿ ಬಂದ ಎರಡನೇ ಸೀಸನ್‌ನಲ್ಲಿ ಅವನೇ ಐಪಿಎಸ್ ಆಗಿ ಹಾಥಿರಾಮನ ಮೇಲಧಿಕಾರಿಯಾಗಿದ್ದಾನೆ, ಕಥೆ ನಾಗಾಲ್ಯಾಂಡ್‌ಗೆ ಹೋಗುತ್ತದೆ. ಕೈಕೆಳಗಿದ್ದ ಹುಡುಗ ಮೇಲೆ ಹೋದರೂ ಹಾಥಿರಾಮನ ಕಣ್ಣಲ್ಲಿ ಹೊಟ್ಟೆಕಿಚ್ಚಿಲ್ಲ, ಹೆಮ್ಮೆ ಇದೆ. ಈ ಒಳ್ಳೆಯತನ ಪಾತ್ರಕ್ಕೆ ಇದ್ದೇ ಇದೆ. ಇದನ್ನು ಪ್ರೀತಿಸಲು ಆ ಹೊಡೆತಗಳಿಗೂ ಚಪ್ಪಾಳೆ ಹೊಡೆಯಬೇಕಿಲ್ಲ.

ಕನ್ನಡದಲ್ಲಿ ಇಂಥದೊಂದು ಸರಣಿ ಬರಲಿ ಎಂಬ ಆಸೆ ನನಗೆ ಬಹಳ ದಿನದಿಂದ ಇದೆ. ಬೆಂಗಳೂರಿನ ಗಾಜಿನ ಕಟ್ಟಡದ ಕ್ರೈಂ ಬ್ರಾಂಚ್ ಬೇಡ. ಕಾರಟಗಿಯೋ ಕುಷ್ಟಗಿಯೋ, ಬೇಸಿಗೆಯಲ್ಲಿ ಫ್ಯಾನ್ ಸುಡುಗಾಳಿ ಬೀಸುವ ಠಾಣೆ, ಬಡ್ತಿ ತಪ್ಪಿದ ಒಬ್ಬ ಎಎಸ್‌ಐ, ಭತ್ತದ ಸುಗ್ಗಿಯ ಹೊತ್ತಿಗೆ ಕಾಣೆಯಾದ ಒಬ್ಬ ಹಮಾಲಿ. ಆತನನ್ನು ಹುಡುಕಿಕೊಂಡು ಎಎಸ್‌ಐ ಗಿರಣಿಯಿಂದ ಗಿರಣಿಗೆ ನಡೆಯಲಿ, ಹಮಾಲರ ಮನೆಯಲ್ಲಿ ಕೂತು ಕೇಳಲಿ. ನಮ್ಮ ಕಡೆ ಚೆನ್ನಾಗಿ ಬರೆಯುವ ಹುಡುಗರು, ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ಯಾರಾದರೂ ಬರೆಯಲು ಕೂತರೆ ಎಫ್‌ಐಆರ್‌ನಿಂದ ಚಾರ್ಜ್‌ಶೀಟ್‌ವರೆಗೆ ಕಾನೂನಿನ ಭಾಗ ನಾನು ನೋಡಿಕೊಡುತ್ತೇನೆ, ಫೀಸು ಬೇಡ. ಇನ್‌ಬಾಕ್ಸ್‌ಗೆ ಬನ್ನಿ. ಕೋರ್ಟ್ ಇರುವ ದಿನ ಉತ್ತರ ಕೊಡುವುದು ಸಂಜೆ ಆರರ ಮೇಲೆ.