ಹಲ್ಲಿಗೂ ಶುಗರ್ರಿಗೂ ಏನ್ರಿ ಸಂಬಂಧ?

ಹಲ್ಲು ಕ್ಲೀನ್ ಮಾಡಿಸಲು ಹೋದವನ ತೋಳಿಗೆ ಬಿಪಿ ಪಟ್ಟಿ ಸುತ್ತಿದಾಗ ನನಗೆ ಸಿಟ್ಟೇ ಬಂತು. ಅಮೆರಿಕದ ಈ ಕೊಲಂಬಸ್ಸಿನಲ್ಲಿ ಕೂತರೂ ಬಿಲ್ಲು, ನಿಂತರೂ ಬಿಲ್ಲು. ಇದಕ್ಕೂ ಒಂದು ಬೀಳುತ್ತದೆ ಅಂದುಕೊಂಡೆ. ಮಿಷಿನ್ 158/96 ತೋರಿಸಿತು. ಹಲ್ಲು ಕ್ಲೀನ್ ಮಾಡುವ ಹೈಜೀನಿಸ್ಟ್ ಹುಡುಗಿ ಏನೂ ಅನ್ನಲಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ಸುತ್ತಿದಳು. 154/94. ‘180 ದಾಟಿದ್ದರೆ ಇವತ್ತು ಬಾಯಿಗೆ ಕೈ ಹಾಕದೆ ವಾಪಸ್ ಕಳಿಸುತ್ತಿದ್ದೆ’ ಅಂತ ನಕ್ಕಳು.

ಆಮೇಲೆ ಒಸಡಿನ ಸರದಿ. ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ಒಂದೊಂದು ಹಲ್ಲಿನ ಬುಡಕ್ಕೂ ಇಳಿಸಿ ಅಳತೆ ಕೂಗುತ್ತಾ ಹೋದಳು, ಇನ್ನೊಬ್ಬಳು ಬರೆದುಕೊಂಡಳು. ಮೂರು, ಎರಡು, ಮೂರು. ಐದು, ಆರು, ಐದು. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಹರಾಜು ಕೂಗಿದ ಹಾಗೇ ಇತ್ತು. ಮೂರು ಮಿಲಿಮೀಟರ್ ಒಳಗಿದ್ದರೆ ಚಿಂತೆ ಇಲ್ಲವಂತೆ. ನನಗೆ ಹತ್ತು ಹನ್ನೆರಡು ಕಡೆ ಐದು ದಾಟಿತ್ತು. ‘ಮನೆಯಲ್ಲಿ ಯಾರಿಗಾದರೂ ಡಯಾಬಿಟಿಸ್?’ ಅಪ್ಪನಿಗೆ ಎಂದೆ. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದಳು. ಕ್ಲೀನಿಂಗ್ ಮುಗಿಯುವುದರೊಳಗೆ ಉತ್ತರ ಬಂತು: ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ, 6.9. ಶುಗರ್ ಇದೆ ಅನ್ನುವ ಗೆರೆ ಇರುವುದು 6.5ಕ್ಕೆ. ‘ನಾವು ಇದನ್ನು ಕಾಯಿಲೆ ಅಂತ ಹೇಳುವ ಹಾಗಿಲ್ಲ, ನಿಮ್ಮ ಡಾಕ್ಟರಿಗೆ ತೋರಿಸಿ’ ಎಂದು ಚೀಟಿ ಕೈಗಿತ್ತಳು.

ಇಲ್ಲಿನ ಎಲ್ಲ ಹಲ್ಲಿನ ಕ್ಲಿನಿಕ್ಕಿನಲ್ಲೂ ಬೆರಳು ಚುಚ್ಚುವುದಿಲ್ಲ. ಆದರೆ 2018ರಿಂದ ದಂತವೈದ್ಯರ ಬಿಲ್ಲಿನಲ್ಲಿ ಈ ಟೆಸ್ಟಿಗೇ ಅಂತ ಒಂದು ಕೋಡ್ ಇದೆ, ಡಿ0411. ಬಿಪಿ ನೋಡುವುದಂತೂ ಬಹಳ ಕಡೆ ರೂಢಿ.

ಕಾರಿನಲ್ಲಿ ಕೂತವನಿಗೆ ನನ್ನ ಶುಗರ್ರಿಗಿಂತ ಮೊದಲು ನೆನಪಾದದ್ದು ಚನ್ನಗಿರಿಯಲ್ಲಿ ಅಪ್ಪ ಹಲ್ಲು ಕೀಳಿಸುತ್ತಿದ್ದ ಆ ಪುಟ್ಟ ಕ್ಲಿನಿಕ್ಕು. ‘ಯಜಮಾನ್ರೇ, ಬಿಪಿ ಶುಗರ್ರು ಏನಾರ ಐತಾ?’ ‘ಏನೂ ಇಲ್ಲಪ್ಪ, ದೇವ್ರು ಚೆನ್ನಾಗಿಟ್ಟಾನೆ.’ ಸರಿ, ಇಂಜೆಕ್ಷನ್ನು, ಹಲ್ಲು ಕಿತ್ತು ಹತ್ತಿ ಇಟ್ಟರು, ಮುಗೀತು. ಎರಡೂವರೆ ವರ್ಷದಲ್ಲಿ ನಾಲ್ಕು ಹಲ್ಲು. ನಾಲ್ಕು ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಒಂದು ಹಲ್ಲಿಗೂ ಹುಳುಕಿರಲಿಲ್ಲ, ಎಲ್ಲವೂ ಬುಡ ಸಡಿಲವಾಗಿ ಅಲ್ಲಾಡುತ್ತಿದ್ದವು. ಅಪ್ಪ ಕೋಡುಬಳೆಯನ್ನು ಕಾಫಿಗೆ ಅದ್ದಿ ತಿನ್ನತೊಡಗಿದಾಗ ವಯಸ್ಸಾಯಿತಲ್ಲ ಅಂತ ನಾವೂ ಸುಮ್ಮನಿದ್ದೆವು. ಕೊನೆಗೆ ತೋಟದಲ್ಲಿ ಗುದ್ದಲಿ ತಾಗಿದ ಕಾಲ್ಬೆರಳು ಎರಡು ತಿಂಗಳಾದರೂ ಮಾಯದೆ ದಾವಣಗೆರೆಗೆ ಕರೆದೊಯ್ದಾಗ ಶುಗರ್ 340. ಬೆರಳು ತೆಗೆದರು.

ಅಪ್ಪ ಸುಳ್ಳು ಹೇಳಿರಲಿಲ್ಲ. ನೋಡಿಸಿಯೇ ಇರಲಿಲ್ಲ, ಹಾಗಾಗಿ ಇರಲೂ ಇಲ್ಲ. ನಮ್ಮಲ್ಲಿ ‘ಐತಾ’ ಅಂತ ಕೇಳುತ್ತಾರೆ, ಇಲ್ಲಿ ಅಳೆದು ನೋಡುತ್ತಾರೆ. ಸಾವಿರದೈನೂರು ಎರಡು ಸಾವಿರಕ್ಕೆ ಬಿಪಿ ಮಿಷಿನ್ ಸಿಗುವ ಕಾಲದಲ್ಲಿ ಈ ಒಂದು ವ್ಯತ್ಯಾಸ ನನ್ನ ಹೊಟ್ಟೆ ಉರಿಸುತ್ತದೆ. ಒಸಡಿಗೂ ಸಕ್ಕರೆಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಹರಾಲ್ಡ್ ಲೋ ಎಂಬ ದಂತವಿಜ್ಞಾನಿ ಒಸಡಿನ ಕಾಯಿಲೆಯನ್ನು ಮಧುಮೇಹದ ಆರನೇ ತೊಡಕು ಅಂತ ಕರೆದದ್ದು 1993ರಲ್ಲಿ. ಸಕ್ಕರೆ ಏರಿದರೆ ಒಸಡು ಸೋಂಕಿಗೆ ಸೋಲುತ್ತದೆ. ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ. ಇದನ್ನು ಓದದೆ ನಮ್ಮಲ್ಲಿ ಯಾರೂ ಬಿಡಿಎಸ್ ಪಾಸಾಗಿರಲಾರರು. ದಾವಣಗೆರೆ ಒಂದರಲ್ಲೇ ಎರಡು ಡೆಂಟಲ್ ಕಾಲೇಜಿವೆ. ಇತ್ತ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ ಅಂತ ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್ 2023ರಲ್ಲಿ ಲೆಕ್ಕ ಕೊಟ್ಟಿದೆ. ಡಾಕ್ಟರ ಹತ್ತಿರ ಹೋಗದವನೂ ಹಲ್ಲುನೋವು ತಾಳಲಾರದೆ ಒಂದಲ್ಲ ಒಂದು ದಿನ ಆ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಬೀಳುತ್ತಾನೆ. ಆವಾಗ ಒಂದು ಪಟ್ಟಿ ಸುತ್ತಲು ಏನು ಧಾಡಿ?

ಫೋನಿನಲ್ಲಿ ಇದನ್ನೇ ಅಂದರೆ ಅಮ್ಮ, ‘ಹಲ್ಲು ಕೀಳೋನು ಬೆರಳು ಚುಚ್ತೀನಿ ಅಂದಿದ್ರೆ ನಿಮ್ಮಪ್ಪ ಎದ್ದು ಬರ್ತಿದ್ರು, ದುಡ್ಡು ಕೀಳೋಕೆ ನಿಂತಾನೆ ಅಂತ’ ಎಂದಳು. ನಿಜ ಇರಬಹುದು. ಹಲ್ಲಿನ ಡಾಕ್ಟರೆಂದರೆ ನಮಗೆ ಅರ್ಧ ಡಾಕ್ಟರು. ಈಚೆಗೆ ಗೃಹ ಆರೋಗ್ಯ ಅಂತ ಸರ್ಕಾರದವರೇ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವುದು ಶುರುವಾಗಿದೆ. ಅಪ್ಪನ ಬೆರಳಿಗೆ ಅದು ತಡವಾಯಿತು.

ಇಷ್ಟು ಹೊಗಳಿದ ಮೇಲೆ ಕೊಲಂಬಸ್ಸಿನದೂ ಒಂದೆರಡು ಹೇಳಬೇಕಲ್ಲ. ಆ ಚೀಟಿ ಹಿಡಿದು ಫೋನ್ ಮಾಡಿದರೆ ನನ್ನ ಡಾಕ್ಟರು ಸಿಕ್ಕಿದ್ದು ಏಳು ವಾರಕ್ಕೆ. ಹಲ್ಲಿನವರ ಕಂಪ್ಯೂಟರೇ ಬೇರೆ, ಮೈಯವರದ್ದೇ ಬೇರೆ. ನಡುವೆ ಅಂಚೆಯವನು ನಾನು. ಟೆಸ್ಟಿನ 38 ಡಾಲರ್ ಇನ್ಶೂರೆನ್ಸ್ ಕೊಡಲಿಲ್ಲ. ಅರವತ್ತೈದು ದಾಟಿದವರಿಗೆ ಇರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ ಮಾಮೂಲಿ ಹಲ್ಲಿನ ಖರ್ಚು ನೋಡಿಕೊಳ್ಳುವುದೇ ಇಲ್ಲ, ಹಾಗಾಗಿ ಎಷ್ಟೋ ಮುದುಕರು ಆ ಕುರ್ಚಿಯ ತನಕ ಬರುವುದೇ ಇಲ್ಲ.

ಇನ್ನೊಂದಿದೆ, ಹೇಳಲು ಮನಸ್ಸಿಲ್ಲ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಜಗಳ ತೆಗೆಯುವ ಉದ್ದೇಶದಿಂದಲೇ ಅಪ್ಪನ ಆ ಡಾಕ್ಟರ ಬಳಿ ಹೋಗಿದ್ದೆ. ನನ್ನ ಮಾತು ಕೇಳುವ ಮೊದಲೇ ಅವರು, ‘ಬಾಯಿ ಪೂರ್ತಿ ತೆಗೀರಿ, ಮೂರು ಬೆರಳು ನಿಲ್ಲಿಸಿ ಒಳಗಿಡಿ’ ಎಂದರು. ಎರಡು ಸಲೀಸಾಗಿ ಹೋದವು, ಮೂರನೆಯದು ಹೋಗಲಿಲ್ಲ. ಕೆನ್ನೆಯ ಒಳಗೆ ಹೆಬ್ಬೆರಳು ಒತ್ತಿ, ‘ಬಿಗಿ ಐತಿ. ಅಡಿಕೆ ಎಷ್ಟು ವರ್ಷದಿಂದ?’ ಅಂದರು. ಹಾಕುತ್ತೀರಾ ಅಂತ ಕೇಳಲಿಲ್ಲ! ಹೊಗೆಸೊಪ್ಪು ಸೇರದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆಯಿಂದಲೇ ಮನೆ ಕಟ್ಟಿದ ನಮ್ಮೂರಲ್ಲಿ ಅದನ್ನು ಗಟ್ಟಿಯಾಗಿ ಹೇಳಲು ಧೈರ್ಯ ಬೇಕು. ಅವರು ಹೇಳಿದರು. ನನ್ನ ಹತ್ತಿರ ನೂರೈವತ್ತು ರೂಪಾಯಿ ತಗೊಂಡರು. ಜಗಳ ಅಲ್ಲೇ ಉಳಿಯಿತು.

ಆರು ತಿಂಗಳಿಗೊಮ್ಮೆ ನನ್ನ ಬಾಯಿ ನೋಡುವ ಕೊಲಂಬಸ್ಸಿನವರು ಇದನ್ನು ಒಮ್ಮೆಯೂ ಕೇಳಿದ್ದಿಲ್ಲ. ಅವರ ಫಾರಂನಲ್ಲಿ ಸಿಗರೇಟು, ವೇಪು, ಎಷ್ಟು ಪೆಗ್ಗು ಎಲ್ಲಕ್ಕೂ ಜಾಗ ಇದೆ. ಈ ಸಲ ಹೋದಾಗ ‘ಇತರೆ’ ಅಂತ ಇದ್ದ ಕಡೆ ನಾನೇ ಬರೆದೆ: ಅರೆಕಾ ನಟ್, ಇಪ್ಪತ್ತು ವರ್ಷದಿಂದ. ಹುಡುಗಿ ಓದಿ ತಲೆ ಎತ್ತಿ, ‘ಅಯ್ಯೋ, ನಟ್ ಅಲರ್ಜಿಯಾ?’ ಎಂದಳು.